ಕಾರಿನಲ್ಲಿ ಮಾತು ಕೇಳಿಸಬೇಕು

ನಾಸಿಕ, ಛತ್ರಪತಿ ಸಂಭಾಜಿನಗರ ಇವೆರಡೂ ಕಾರು ಕಟ್ಟುವ ಊರುಗಳು. ಮಹೀಂದ್ರದವರ ಗಾಡಿಗಳು ನಾಸಿಕದಲ್ಲಿ ತಯಾರಾಗುತ್ತವೆ. ಸಂಭಾಜಿನಗರದ ಹತ್ತಿರದ ಶೇಂದ್ರಾದಲ್ಲಿ ಸ್ಕೋಡಾ ಕಂಪನಿಯವರ ಕಾರ್ಖಾನೆ 2001ರಲ್ಲಿ ಕೆಲಸ ಆರಂಭಿಸಿತು. ಸಾತಪುರ, ಅಂಬಡ, ವಾಳೂಜಗಳ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಬಾಂಧವರಿಗೆ ಯಂತ್ರದ ಗುಟ್ಟನ್ನು ನಾವು ಹೇಳಿಕೊಡಬೇಕಾದ್ದಿಲ್ಲ. ಆದರೂ ಕಾರಿಗೆ ಸ್ಪೀಕರು ಕೊಳ್ಳುವ ಹೊತ್ತಿಗೆ ಇಂಥ ಬಲ್ಲವರು ಕೂಡ ಅಂಗಡಿಯವನ ಮಾತಿಗೆ ಮರುಳಾಗುವುದನ್ನು ಕಾಣುತ್ತೇವೆ. ಸಂಸಾರಕ್ಕೆ ಬೇಕಾದ ಸಾಮಾನುಗಳ ವಿಚಾರವನ್ನು ಬರೆಯುತ್ತ ಬಂದಿರುವ ಈ ಅಂಕಣದಲ್ಲಿ ಈ ಸಲ ಆ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ಇದೇನು ಅಷ್ಟು ದೊಡ್ಡ ವಿಷಯವೆ ಎಂದು ಕೆಲವರು ಕೇಳಬಹುದು. ನಮ್ಮಂಥ ಹೊರನಾಡಿನವರ ಮಟ್ಟಿಗೆ ದೊಡ್ಡದೇ. ಶಾಲೆಯಲ್ಲಿ ಮರಾಠಿ ಇಲ್ಲವೆ ಇಂಗ್ಲಿಷು, ಓಣಿಯಲ್ಲಿ ಹಿಂದಿ. ಮಕ್ಕಳ ಕಿವಿಗೆ ಕನ್ನಡ ಬೀಳುವುದು ಊಟದ ಹೊತ್ತಿನಲ್ಲಿ, ಬಿಟ್ಟರೆ ಊರಿಗೆ ಹೋಗುವ ದಾರಿಯಲ್ಲಿ. ಸಂಭಾಜಿನಗರದ ಮೇಲೆ ಹಾಯುವ 52ನೆಯ ರಾಷ್ಟ್ರೀಯ ಹೆದ್ದಾರಿ ಬೀಡ, ಸೋಲಾಪುರಗಳನ್ನು ದಾಟಿ ವಿಜಯಪುರ, ಹುಬ್ಬಳ್ಳಿಗಳಿಗೆ ಹೋಗುತ್ತದೆ. ನಾಸಿಕದವರು ಪುಣೆಯ ಮೇಲಿಂದ ಬೆಳಗಾವಿಯ ದಾರಿ ಹಿಡಿಯುತ್ತಾರೆ. ಎರಡೂ ಹೆಚ್ಚುಕಡಿಮೆ ಇಡೀ ದಿನದ ಪ್ರಯಾಣವೇ. ಆ ದಿನದ ಮಟ್ಟಿಗೆ ಕಾರೇ ಮಕ್ಕಳ ಕನ್ನಡ ಶಾಲೆ. ಭೀಮಸೇನ ಜೋಶಿಯವರು ಹಾಡಿದ ದಾಸರ ಪದ, ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನ, ಭಾವಗೀತೆ, ನಾಟಕದ ಸಂಭಾಷಣೆ, ನಡುವೆ ಊರಿನಿಂದ ಬರುವ ಅಜ್ಜನ ಫೋನು, ಎಲ್ಲವೂ ಸ್ಪೀಕರಿನ ಬಾಯಿಂದಲೇ ಬರಬೇಕು. ಆ ಬಾಯಿ ತೊದಲಿದರೆ ಮಗುವಿಗೆ ತಾಳ ತಿಳಿದೀತು, ಮಾತು ತಿಳಿಯದು.

ಮಾತು ತಿಳಿಯುವ ಬಗೆಯನ್ನು ಸ್ವಲ್ಪ ವಿಚಾರಿಸೋಣ. ಹಾಲು, ಸಾಲು, ಕಾಲು, ಪಾಲು ಎಂಬ ನಾಲ್ಕು ಪದಗಳನ್ನು ಒಂದರ ಹಿಂದೊಂದು ಅಂದು ನೋಡಿರಿ. ಸ್ವರಗಳೆಲ್ಲ ಒಂದೇ, ಬೇರೆಯಾಗಿರುವುದು ಮೊದಲಿನ ವ್ಯಂಜನ ಮಾತ್ರ. ಸ್ವರ ಬಲವಾದದ್ದು, ವ್ಯಂಜನ ಕ್ಷಣದಲ್ಲಿ ಮುಗಿಯುವ ನವಿರಾದ ಸದ್ದು. ಧ್ವನಿಯ ಕಂಪನಗಳು ಸೆಕೆಂಡಿಗೆ ಎಷ್ಟು ಎಂಬುದನ್ನು ಹರ್ಟ್ಸ್ ಎಂಬ ಅಳತೆಯಿಂದ ಹೇಳುತ್ತಾರೆ. ಚ, ತ, ಶ ಮುಂತಾದ ವ್ಯಂಜನಗಳ ಗುರುತು ಬಹುಮಟ್ಟಿಗೆ 2,000 ಹರ್ಟ್ಸಿನ ಮೇಲೆ ಇರುತ್ತದೆ; ಸಕಾರದ ಸುಯ್ಲು 4,000ವನ್ನೂ ಮೀರುತ್ತದೆ. ಎದೆಗೆ ಗುದ್ದುವ ಮಂದ್ರಧ್ವನಿ, ಅಂಗಡಿಯ ಭಾಷೆಯಲ್ಲಿ ‘ಬೇಸ್’, 100 ಹರ್ಟ್ಸಿನ ಆಸುಪಾಸಿನದು. ಟೈರು, ಎಂಜಿನ್ನುಗಳ ಗದ್ದಲವೂ ಬಹುಪಾಲು ಕೆಳಗಿನದೇ. ಹೀಗಿರಲು ಬೇಸನ್ನು ಹೆಚ್ಚಿಸಿದಷ್ಟೂ ಗದ್ದಲಕ್ಕೆ ಗದ್ದಲ ಕೂಡಿ ವ್ಯಂಜನಗಳು ಮುಚ್ಚಿಹೋಗುತ್ತವೆ. ವಯಸ್ಸಾದವರ ಕಿವಿಯಲ್ಲಿ ಮೊದಲು ಕುಂದುವುದೂ ಮೇಲಿನ ಕಂಪನಗಳನ್ನು ಹಿಡಿಯುವ ಶಕ್ತಿಯೇ. ಹಿಂದಿನ ಆಸನದಲ್ಲಿ ಕುಳಿತ ಅಜ್ಜಿ “ಹಾಡೇನೋ ಕೇಳಸ್ತದ, ಮಾತು ತಿಳೀವಲ್ದು” ಎಂದರೆ ತಪ್ಪನ್ನೆಲ್ಲ ಅವರ ಕಿವಿಯ ಮೇಲೆ ಹೊರಿಸಬೇಡಿರಿ.

ಆದುದರಿಂದ ಸಂಸಾರದ ಕಾರಿಗೆ ಸ್ಪೀಕರು ಆರಿಸುವವರಿಗೆ ನಾವು ಹೇಳುವ ಸೂತ್ರ ಒಂದೇ: ಕಡಿಮೆ ಸದ್ದಿನಲ್ಲಿ ಮಾತು ಬಿಡಿಬಿಡಿಯಾಗಿ ಕೇಳಿಸಬೇಕು. ಉಳಿದದ್ದೆಲ್ಲ ಇದರ ಹಿಂದಿನಿಂದ ಬರತಕ್ಕದ್ದು.

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಡಬ್ಬಿಯ ಮೇಲಿನ ವ್ಯಾಟಿನ ಅಂಕಿ. 300, 400 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುವುದು ‘ಪೀಕ್’ ಎಂಬ ಲೆಕ್ಕ. ಸ್ಪೀಕರು ಕ್ಷಣಮಾತ್ರ ತಾಳಬಲ್ಲ ಶಕ್ತಿ. ಅದರ ಕೆಳಗೆ ಸಣ್ಣಕ್ಷರದಲ್ಲಿರುವ ‘ಆರ್‌ಎಂಎಸ್’ ಎಂಬ ಅಂಕಿಯನ್ನು ಓದಿರಿ. ಅದು ಸತತವಾಗಿ ತಾಳುವ ಶಕ್ತಿ. ಎರಡೂ ತಾಳುವ ಲೆಕ್ಕಗಳೇ ಎಂಬುದನ್ನು ಮರೆಯಬಾರದು. ಶಕ್ತಿಯನ್ನು ಕೊಡುವುದು ಡ್ಯಾಶ್‌ಬೋರ್ಡಿನ ಸ್ಟೀರಿಯೋ. ಕಾರಿನೊಡನೆ ಬಂದ ಸಾಧಾರಣ ಸ್ಟೀರಿಯೋ ಒಂದೊಂದು ಸ್ಪೀಕರಿಗೆ ಸತತವಾಗಿ ಕೊಡುವುದು ಸುಮಾರು 15ರಿಂದ 20 ವ್ಯಾಟು. ಕೊಡುವವನ ಕೈ ಇಷ್ಟೇ ಇರುವಾಗ ಬೇಡುವವನ ಜೋಳಿಗೆ ದೊಡ್ಡದಾಗಿ ಪ್ರಯೋಜನವೇನು?

ಇದಕ್ಕಿಂತ ಬೆಲೆಯುಳ್ಳ ಅಂಕಿ ‘ಸೆನ್ಸಿಟಿವಿಟಿ’, ಅಂದರೆ ಕೊಟ್ಟ ಶಕ್ತಿಗೆ ಸ್ಪೀಕರು ಎಷ್ಟು ಸದ್ದು ಮಾಡುತ್ತದೆ ಎಂಬುದು. ಅದನ್ನು ಡೆಸಿಬೆಲ್ಲಿನಲ್ಲಿ ಬರೆದಿರುತ್ತಾರೆ. ಮೂರು ಡೆಸಿಬೆಲ್ ಹೆಚ್ಚಿದ್ದರೆ ಅಷ್ಟೇ ಸದ್ದಿಗೆ ಅರ್ಧ ಶಕ್ತಿ ಸಾಕು. ಒಂದೇ ರೀತಿಯಲ್ಲಿ ಅಳೆದಿದ್ದಾದರೆ, 92 ಡೆಸಿಬೆಲ್ಲಿನ ಸ್ಪೀಕರು 15 ವ್ಯಾಟಿನಲ್ಲಿ ಮಾಡುವ ಕೆಲಸಕ್ಕೆ 89ರ ಸ್ಪೀಕರಿಗೆ 30 ವ್ಯಾಟು ಬೇಕು. ಆಂಪ್ಲಿಫೈಯರು ಕೊಳ್ಳುವ ಮನಸ್ಸಿಲ್ಲದವರು ಈ ಅಂಕಿ ದೊಡ್ಡದಿರುವುದನ್ನೇ ಆರಿಸುವುದು ಲೇಸು. ಸಂಗಡವೇ 4 ಓಮ್ ಎಂದು ಬರೆದಿದೆಯೇ ನೋಡಿಕೊಳ್ಳಿರಿ. ಕಾರುಗಳಿಗೆ ಸಾಮಾನ್ಯವಾಗಿ ಸಲ್ಲುವುದು ಅದು. ಒಂದೇ ತಂತಿಗೆ ಇಂಥ ಎರಡನ್ನು ಅಕ್ಕಪಕ್ಕ ಜೋಡಿಸಿದರೆ 2 ಓಮ್ ಆಗಿ ಸ್ಟೀರಿಯೋ ಕಾಯ್ದು ಕೆಡುವ ಸಂಭವವಿದೆ.

ಈಗ ಗಾತ್ರ ಮತ್ತು ಬಗೆ. ಬಹಳಷ್ಟು ಕಾರುಗಳ ಮುಂಬಾಗಿಲಿಗೆ ಆರೂವರೆ ಇಂಚಿನ ಸ್ಪೀಕರು ಹಿಡಿಸುತ್ತದೆ. ದೊಡ್ಡ ಶಂಕುವಿನ ನಡುವೆಯೇ ಚಿಕ್ಕ ‘ಟ್ವೀಟರ್’ ಇರುವುದು ಕೋಆಕ್ಸಿಯಲ್. ಟ್ವೀಟರು ಬೇರೆಯಾಗಿರುವುದು ಕಾಂಪೊನೆಂಟ್. ಎತ್ತರದ ಕಂಪನಗಳು ಬೆಳಕಿನಂತೆ ನೆಟ್ಟಗೆ ಹೋಗುವ ಸ್ವಭಾವದವು. ಮೊಣಕಾಲಿನ ಬಳಿ ಇರುವ ಟ್ವೀಟರಿನ ಮಾತು ಮೊಣಕಾಲಿಗೇ ಮುಟ್ಟುತ್ತದೆ. ಕನ್ನಡಿಯ ಹಿಂದಿನ ತ್ರಿಕೋನದಲ್ಲಿ ಟ್ವೀಟರಿಗೆ ಜಾಗ ಬಿಟ್ಟಿರುವ ಕಾರಾದರೆ ಮುಂದಕ್ಕೆ ಕಾಂಪೊನೆಂಟ್ ಹಾಕಿಸಿರಿ. ಹಿಂಬಾಗಿಲಿಗೆ ಸಾಧಾರಣ ಕೋಆಕ್ಸಿಯಲ್ ಸಾಕು. ಶಂಕುವಿನ ಅಂಚಿಗೆ ಸ್ಪಂಜಿಗಿಂತ ರಬ್ಬರಿನ ಅಂಚು ಮೇಲು. ಸಂಭಾಜಿನಗರದ ಬೇಸಗೆಯಲ್ಲಿ ಬಿಸಿಲಿಗೆ ನಿಂತ ಕಾರು ಒಲೆಯಾಗುತ್ತದೆ, ನಾಸಿಕದ ಮಳೆಗಾಲದಲ್ಲಿ ಬಾಗಿಲು ಒಳಗೊಳಗೇ ತೇವವಾಗುತ್ತದೆ. ಸ್ಪಂಜು ಕೆಲವು ವರ್ಷಗಳಲ್ಲಿ ಪುಡಿಯಾಗಿ ಉದುರುತ್ತದೆ.

ಸ್ಪೀಕರು ಒಳ್ಳೆಯದಾದರೆ ಅರ್ಧ ಕೆಲಸವಾಯಿತು, ಉಳಿದರ್ಧ ಬಾಗಿಲಿನದು. ಕಾರಿನ ಬಾಗಿಲೆಂದರೆ ತೆಳು ತಗಡಿನ ಡಬ್ಬಿ. ಸ್ಪೀಕರು ಅಲುಗಿದರೆ ತಗಡೂ ಅಲುಗಿ ತನ್ನದೊಂದು ಹಾಡು ಸೇರಿಸುತ್ತದೆ. ಒಳತಗಡಿಗೆ ಬ್ಯೂಟೈಲ್ ರಬ್ಬರಿನ ಹಾಳೆ ಅಂಟಿಸಿದರೆ ಆ ಅದುರು ಅಡಗುತ್ತದೆ. ಸ್ಪೀಕರಿನ ಕೆಳಗಿಡುವ ಬಳೆ ಪ್ಲಾಸ್ಟಿಕ್ಕಿನದಾಗಿರಲಿ. ಮರದ ಪುಡಿಯಿಂದ ಒತ್ತಿ ಮಾಡಿದ ಹಲಗೆ ನೀರು ಕುಡಿದು ಉಬ್ಬುತ್ತದೆ. ಬಾಗಿಲಿನ ಒಳಮೈಗೆ ಕಾರ್ಖಾನೆಯವರು ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಫಿಟ್ಟರು ಕಿತ್ತು ಬಿಸಾಡಲು ಬಿಡಬೇಡಿರಿ. ಮಳೆಯ ನೀರು ಒಳಗೆ ಬರದಂತೆ ತಡೆಯುವುದು ಅದೇ. ಬಾಗಿಲು ಮುಚ್ಚುವ ಮೊದಲು ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ, ಸ್ಪೀಕರಿನ ಬೆನ್ನಿಗೆ ತಾಗುವುದಿಲ್ಲವೆಂದು ನೋಡಿಕೊಳ್ಳತಕ್ಕದ್ದು. ಹತ್ತು ರೂಪಾಯಿ ಇದ್ದರೆ ಆರನ್ನು ಮುಂದಿನ ಸ್ಪೀಕರಿಗೆ, ಮೂರನ್ನು ಬಾಗಿಲಿನ ಕೆಲಸಕ್ಕೆ, ಒಂದನ್ನು ಹಿಂದಕ್ಕೆ ಎಂದು ಹಂಚಿರಿ ಎಂಬುದು ನಮ್ಮ ಸಲಹೆ.

ತಂತಿಯ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ಕಾರಿನ ಮೂಲ ತಂತಿಯನ್ನು ಕತ್ತರಿಸಿ ತಿರುಚಿ ಟೇಪು ಸುತ್ತುವುದು ಫಿಟ್ಟರಿಗೆ ಐದು ನಿಮಿಷದ ಕೆಲಸ. ಮುಂದೆ ಸಡಿಲಾಗಿ ಕಿಡಿ ಹಾರಿದರೆ ತೊಂದರೆ ನಿಮ್ಮದು, ವಾರಂಟಿಯ ತಕರಾರೂ ನಿಮ್ಮದೇ. ನಿಮ್ಮ ಕಾರಿಗೆ ಹೊಂದುವ ಕಪ್ಲರ್ ಸಿಗುತ್ತದೆ, ಅದನ್ನು ಕೇಳಿ ಪಡೆಯಿರಿ. “ವಾಯರ್ ಕಾಪೂ ನಕಾ” ಎಂದು ಮೊದಲೇ ಮರಾಠಿಯಲ್ಲಿ ಸ್ಪಷ್ಟವಾಗಿ ಹೇಳಿಬಿಡಿರಿ. ಆಂಪ್ಲಿಫೈಯರು ಹಾಕಿಸುವವರು ಬ್ಯಾಟರಿಯಿಂದ ಹೊರಟ ದಪ್ಪ ತಂತಿಗೆ ಬ್ಯಾಟರಿಯ ಹತ್ತಿರವೇ, ಒಂದೂವರೆ ಅಡಿಯ ಒಳಗೆ, ಫ್ಯೂಸು ಕೂಡಿಸಲೇಬೇಕು. ಗಾಜಿನ ಪಕ್ಕದ ಮುಂಗಂಬಕ್ಕೆ ತೂತು ಕೊರೆಯಲು ಒಪ್ಪಬೇಡಿರಿ. ಅನೇಕ ಕಾರುಗಳಲ್ಲಿ ಅಪಘಾತದಲ್ಲಿ ತಲೆ ಕಾಯುವ ಗಾಳಿಚೀಲ ಆ ಕಂಬದೊಳಗಿನಿಂದ ಹಾಯ್ದಿರುತ್ತದೆ. ಕೆಲವು ಕಾರುಗಳ ಬಾಗಿಲೊಳಗೆ ಡಿಕ್ಕಿಯನ್ನು ಗಾಳಿಯ ಒತ್ತಡದಿಂದ ಅರಿಯುವ ಸಂವೇದಕವೂ ಇರುವುದರಿಂದ, ಬಾಗಿಲಿನಲ್ಲಿಯೂ ಹೊಸ ತೂತುಗಳನ್ನು ಮಾಡಿಸದಿರುವುದೇ ಕ್ಷೇಮ.

ಕೂಡಿಸಿದ ಮೇಲೆ ಪರೀಕ್ಷೆ. ಒಂದು ಕಡೆಯ ಸ್ಪೀಕರಿಗೆ ಪ್ಲಸ್, ಮೈನಸ್ ತಂತಿಗಳು ಅದಲುಬದಲಾದರೆ ಒಂದು ಶಂಕು ಮುಂದೆ ಬಂದಾಗ ಇನ್ನೊಂದು ಹಿಂದೆ ಸರಿಯುತ್ತದೆ. ಒಂದು ಮಾಡಿದ್ದನ್ನು ಇನ್ನೊಂದು ಅಳಿಸುತ್ತದೆ. ತಂತಿ ಕೂಡಿಸುವ ಮೊದಲೇ ಒಂದೂವರೆ ವೋಲ್ಟಿನ ಸೆಲ್ಲನ್ನು ಸ್ಪೀಕರಿನ ತುದಿಗಳಿಗೆ ಕ್ಷಣಕಾಲ ತಾಗಿಸಿದರೆ, ಪ್ಲಸ್ಸಿಗೆ ಪ್ಲಸ್ ಕೂಡಿದಾಗ ಶಂಕು ಹೊರಕ್ಕೆ ಚಿಮ್ಮುತ್ತದೆ; ಅಲ್ಲಿಗೆ ಗುರುತು ಹಾಕಿಕೊಳ್ಳಬಹುದು. ಎಲ್ಲ ಮುಗಿದ ಮೇಲೆ ವಾದ್ಯ ಕಡಿಮೆಯಿರುವ, ಒಬ್ಬರೇ ಹಾಡಿದ, ನಿಮಗೆ ಬಾಯಿಪಾಠವಿರುವ ಕನ್ನಡ ಹಾಡೊಂದನ್ನು ಹಾಕಿಸಿರಿ. ಅಂಗಡಿಯವನ ಗುದ್ದುವ ಹಾಡು ಬೇಡ. ಬೇಸ್, ಟ್ರೆಬಲ್‌ಗಳನ್ನು ಸೊನ್ನೆಗೆ ಇಟ್ಟು, ಎಂಜಿನ್ನು ಚಾಲೂ ಮಾಡಿ, ಪಕ್ಕದವರೊಡನೆ ಮಾತಾಡುವಷ್ಟೇ ಸದ್ದಿನಲ್ಲಿ ಕೇಳಿರಿ. ಹಾಡುಗಾರರು ಮುಂದಿನ ಗಾಜಿನ ನಡುವೆ ಕುಳಿತು ಹಾಡಿದಂತಿದ್ದರೆ ಜೋಡಣೆ ಸರಿ. ದನಿ ಚೆದರಿ ಬೇಸು ಬಡಕಲಾದರೆ ತಂತಿ ತಿರುವಾಗಿದೆ. ಆಮೇಲೆ ನೀವು ಹಿಂದಿನ ಆಸನಕ್ಕೆ ಹೋಗಿ ಕುಳಿತು ಮತ್ತೊಮ್ಮೆ ಕೇಳಿರಿ. ಹಾಡು ಅರಿಯದ ಮಗುವನ್ನು ಕರೆದುಕೊಂಡು ಹೋಗಿದ್ದರೆ “ಏನಂದ್ರು ಹೇಳು?” ಎಂದು ಕೇಳುವುದು ಇನ್ನೂ ಒಳ್ಳೆಯ ಪರೀಕ್ಷೆ.

ಇನ್ನು ಸದ್ದಿನ ಮಿತಿ. 701 ಕಿಲೋಮೀಟರಿನ ಸಮೃದ್ಧಿ ಮಹಾಮಾರ್ಗ 2025ರ ಜೂನ್ ತಿಂಗಳಲ್ಲಿ ಪೂರ್ತಿಯಾಗಿ ತೆರೆದ ಮೇಲೆ ನಾಸಿಕ, ಸಂಭಾಜಿನಗರಗಳ ನಡುವಿನ ಓಡಾಟ ಸಲೀಸಾಯಿತು. ಆದರೆ ವೇಗ ಏರಿದಂತೆ ಟೈರಿನ ಮೊರೆತವೂ ಏರುತ್ತದೆ. ಅದನ್ನು ಮೀರಿಸಲು ಕೈ ತಾನಾಗಿಯೇ ಗುಂಡಿಯ ಕಡೆಗೆ ಹೋಗುತ್ತದೆ. ಊರೊಳಗೆ ಬಂದಾಗ ಇಳಿಸುವ ನೆನಪು ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು ದೊಡ್ಡವರಿಗೆ ಹೇಳಿರುವ ಮಿತಿ 80 ಡೆಸಿಬೆಲ್, ವಾರಕ್ಕೆ 40 ಗಂಟೆ. 90 ಡೆಸಿಬೆಲ್ಲಾದರೆ ವಾರಕ್ಕೆ 4 ಗಂಟೆ ಮಾತ್ರ. ಮಕ್ಕಳಿಗೆ ಹೇಳಿರುವುದು ಇನ್ನೂ ಕಡಿಮೆ, 75 ಡೆಸಿಬೆಲ್. ಒಳಗಿವಿಯ ಕೂದಲುಕಣಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅದಲ್ಲದೆ ಹಿಂದಿನಿಂದ ಬರುವ ಆಂಬುಲೆನ್ಸಿನ ಕೂಗು ಮುಚ್ಚಿದ ಗಾಜಿನೊಳಗೆ ಮೊದಲೇ ಮಂದವಾಗಿರುತ್ತದೆ. ಒಳಗಿನ ಸದ್ದು ಅದನ್ನು ನುಂಗಿದರೆ, ದಾರಿ ಸಿಗದೆ ನಿಂತ ಗಾಡಿಯಲ್ಲಿ ಯಾರ ಮನೆಯ ದೀಪವಿದೆಯೋ ಬಲ್ಲವರಾರು? ಹಾಡಿನ ನಡುವೆ ಪಿಸುಮಾತಲ್ಲದ ಸಾಧಾರಣ ಮಾತು ಹಿಂದಿನ ಆಸನದಿಂದ ಮುಂದಕ್ಕೆ ಮುಟ್ಟುವಂತಿರಬೇಕು. ಇದೇ ಸುಲಭವಾದ ಅಳತೆ.

ಊರಿನ ಪ್ರಯಾಣಕ್ಕೆ ಹೊರಡುವವರಿಗೆ ಇನ್ನೊಂದು ಮಾತು. ಎರಡು ಗಂಟೆಗೊಮ್ಮೆ ಸ್ಟೀರಿಯೋ ಆರಿಸಿ, ಈಗ ಕೇಳಿದ ಪದದ ಅರ್ಥವೇನೆಂದು ಮಕ್ಕಳು ಅಜ್ಜಿಯನ್ನು ಕೇಳಲಿ. ಸ್ಪೀಕರು ಸರಿಯಾಗಿ ಕೂತಿದ್ದರೆ ಕೇಳಲು ಅವರ ಬಳಿ ಪದಗಳಿರುತ್ತವೆ; ಹೇಳಲು ಅಜ್ಜಿಯ ಬಳಿ ಸೋಲಾಪುರದವರೆಗೆ ಸಾಲುವಷ್ಟು ಮಾತಿರುತ್ತದೆ.