ಬ್ರೌಸರು ಹಾಕಿಕೊಳ್ಳುವುದೂ ಓದಿನ ಕೆಲಸವೇ

ಕನ್ನಡ ವಿಭಾಗಗಳಲ್ಲಿ ಪದೇ ಪದೇ ಕಿವಿಗೆ ಬೀಳುವ ಒಂದು ಮಾತಿದೆ: ‘ಅದೆಲ್ಲ ಕಂಪ್ಯೂಟರಿನವರ ಕೆಲಸ ಕಣ್ರೀ.’ ನನ್ನ ಜಗಳ ಈ ಮಾತಿನ ಜೊತೆ.

ಯಾವ ಪಠ್ಯವೂ ಮುಗ್ಧವಲ್ಲ, ಓದುವ ಕ್ರಿಯೆಯಲ್ಲೇ ಅಧಿಕಾರ ಅಡಗಿ ಕೂತಿರುತ್ತದೆ ಎಂದು ಸೆಮಿನಾರುಗಳಲ್ಲಿ ಗಂಟೆಗಟ್ಟಲೆ ಮಾತಾಡುವವರು ನಾವು. ಆ ಸೆಮಿನಾರಿನ ಪ್ರಬಂಧಕ್ಕೆ ಬೇಕಾದದ್ದನ್ನೆಲ್ಲ ಓದಿದ್ದು ಯಾವ ಕಿಟಕಿಯಲ್ಲಿ, ಆ ಕಿಟಕಿಯನ್ನು ಅಲ್ಲಿ ಕೂರಿಸಿದವರು ಯಾರು ಎಂದು ಮಾತ್ರ ಕೇಳುವುದಿಲ್ಲ. ಮುದ್ರಣ ಯಂತ್ರ ಕನ್ನಡ ಗದ್ಯವನ್ನು ಹೇಗೆ ಬದಲಿಸಿತು ಎಂದು ಪಿಎಚ್.ಡಿ. ಮಾಡಬಹುದು, ಬ್ರೌಸರು ಕನ್ನಡ ಓದನ್ನು ಏನು ಮಾಡುತ್ತಿದೆ ಎಂದರೆ ಅದು ‘ಟೆಕ್ನಿಕಲ್ ವಿಷಯ’. ಲ್ಯಾಪ್‌ಟಾಪಿನ ಜೊತೆ ಬಂದದ್ದೇ ಬ್ರೌಸರು, ಅಂಗಡಿಯವನು ಹಾಕಿಕೊಟ್ಟದ್ದೇ ಪ್ಲಗಿನ್ನು. ಸ್ವಂತ ಕೈಯಿಂದ ಒಂದು ಬ್ರೌಸರು ಹಾಕಿಕೊಂಡು ನೋಡಿ, ಅದೂ ಲಿನಕ್ಸಿನಲ್ಲಿ, ಎಂದರೆ ಕೈಮುಗಿಯುತ್ತಾರೆ.

ಲಿನಕ್ಸು ಯಾಕೆ ಎಂದರೆ, ಮೊದಲ ಕಾರಣ ಬಡತನ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರಿನಲ್ಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಭದ್ರತಾ ಚಿಪ್ಪು ಹಳೆಯ ಎಷ್ಟೋ ಯಂತ್ರಗಳಲ್ಲಿ ಇಲ್ಲ. ಹಾಸ್ಟೆಲ್ ಕೋಣೆಗಳಲ್ಲಿ, ವಿಭಾಗದ ಮೂಲೆಗಳಲ್ಲಿ ಇರುವ ಯಂತ್ರಗಳು ಬಹುಪಾಲು ಇಂಥವೇ. ಅವಕ್ಕೆ ಉಳಿದಿರುವ ಮರ್ಯಾದೆಯ ದಾರಿ ಲಿನಕ್ಸು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಅದರಲ್ಲೇ ಕಂಪ್ಯೂಟರು ಕಲಿಯುತ್ತಿದ್ದಾರೆ. ಎಂಟನೇ ಕ್ಲಾಸಿನ ಮಕ್ಕಳಿಗೆ ಆಗುವುದು ಎಂ.ಎ. ಮುಗಿಸಿದವರಿಗೆ ಆಗುವುದಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಎರಡನೆಯ ಕಾರಣ, ಲಿನಕ್ಸಿನಲ್ಲಿ ಬ್ರೌಸರು ಹಾಕುವಾಗ ಏನು ನಡೆಯುತ್ತಿದೆ ಎಂದು ಕಣ್ಣಾರೆ ನೋಡಬಹುದು. ನೋಡಿದರೆ ಎಲ್ಲ ಚೆನ್ನಾಗಿ ಕಾಣುತ್ತದೆ ಎಂದಲ್ಲ. ಉಬುಂಟುವಿನಲ್ಲಿ ಟರ್ಮಿನಲ್ ತೆರೆದು, ‘ಆಪ್ಟ್’ ಎಂಬ ಆಜ್ಞೆಯಲ್ಲಿ ಫೈರ್‌ಫಾಕ್ಸ್ ಬೇಕು ಎಂದು ಕೇಳಿ. 22.04ರ ಆವೃತ್ತಿಯಿಂದ ಈಚೆಗೆ ನೀವು ಕೇಳಿದ ಡೆಬ್ ಪೊಟ್ಟಣ ಬರುವುದಿಲ್ಲ. ಆ ಹೆಸರಿನ ಒಂದು ಖಾಲಿ ಡಬ್ಬ ಬಂದು, ಅದು ಹಿಂಬಾಗಿಲಿನಿಂದ ‘ಸ್ನ್ಯಾಪ್’ ಎಂಬ ಬೇರೆ ಬಗೆಯ ಪೊಟ್ಟಣವನ್ನು ತಂದು ಕೂರಿಸುತ್ತದೆ. ಗ್ರಂಥಸಂಪಾದನೆಯ ತರಗತಿಯಲ್ಲಿ ಕೂತವರಿಗೆ ಇದು ಹೊಸದಲ್ಲ. ಒಂದು ಪ್ರತಿ ಕೇಳಿದೆವು, ಅದೇ ಹೆಸರಿನ ಇನ್ನೊಂದು ಪ್ರತಿ ಕೈಗೆ ಕೊಟ್ಟರು. ಸ್ನ್ಯಾಪಿಗೂ ಅದರದ್ದೇ ಸಮರ್ಥನೆ ಇದೆ: ಬ್ರೌಸರನ್ನು ಬೇಲಿಯೊಳಗೆ ಇಟ್ಟು ಉಳಿದ ಕಡತಗಳನ್ನು ಕಾಪಾಡುತ್ತದೆ. ಆದರೆ ಆ ಬೇಲಿಯಿಂದಾಗಿಯೇ ಮೊದಮೊದಲು ಪಾಸ್‌ವರ್ಡು ಕಾಯುವ ಕೀಪಾಸ್‌ಎಕ್ಸ್‌ಸಿಯಂಥ ತಂತ್ರಾಂಶಗಳು ಬ್ರೌಸರಿನೊಳಗಿದ್ದ ತಮ್ಮದೇ ಪ್ಲಗಿನ್ನಿನ ಜೊತೆ ಮಾತಾಡಲಾಗದೆ ಹೊರಗೆ ನಿಂತವು. ಲಿನಕ್ಸ್ ಮಿಂಟ್‌ನವರು ಈ ಬದಲಿ ಸರಕನ್ನು ಒಪ್ಪದೆ 2020ರಲ್ಲೇ ಸ್ನ್ಯಾಪನ್ನು ಬಾಗಿಲಲ್ಲಿ ತಡೆದರು. ಮೊಜಿಲ್ಲಾ ಸ್ವತಃ 2024ರ ಆರಂಭದಲ್ಲಿ ತನ್ನದೇ ಡೆಬ್ ಭಂಡಾರ ತೆರೆಯಿತು.

ಅಲ್ಲಿಂದ ಹಾಕಿಕೊಳ್ಳುವುದು ಹತ್ತು ನಿಮಿಷದ ಕೆಲಸ. ಮೊಜಿಲ್ಲಾದ ಸಹಿಯ ಕೀಲಿಯನ್ನು ಇಳಿಸಿಕೊಳ್ಳಬೇಕು; ಅದರ ಬೆರಳಚ್ಚು ಅವರು ಪ್ರಕಟಿಸಿದ್ದಕ್ಕೆ ಹೊಂದುತ್ತದೆಯೇ ನೋಡಬೇಕು; ಭಂಡಾರದ ವಿಳಾಸ ಬರೆಯಬೇಕು. ಕೊನೆಗೆ ಒಂದು ಪುಟ್ಟ ಕಡತದಲ್ಲಿ, ಈ ಭಂಡಾರಕ್ಕೆ 1000 ಅಂಕದ ಆದ್ಯತೆ ಎಂದು ಬರೆದಿಡಬೇಕು, ಇಲ್ಲವಾದರೆ ಉಬುಂಟುವಿನ ಖಾಲಿ ಡಬ್ಬವೇ ಮತ್ತೆ ಗೆಲ್ಲುತ್ತದೆ. ಪ್ರತಿಯ ಮೂಲ ಯಾವುದು, ಲಿಪಿಕಾರ ಯಾರು, ಯಾವ ಪಾಠಕ್ಕೆ ಆದ್ಯತೆ: ಇದರಲ್ಲಿ ಸಾಹಿತ್ಯದವರಿಗೆ ಅರ್ಥವಾಗದ್ದು ಯಾವುದು?

ಪ್ಲಗಿನ್ನಿನ ವಿಚಾರಕ್ಕೆ ಬರೋಣ. ಈ ಪದಕ್ಕೇ ಒಂದು ಚರಿತ್ರೆ ಇದೆ. ಮೊದಲು ಪ್ಲಗಿನ್ ಎಂದರೆ ಬ್ರೌಸರಿಗೆ ತಿಳಿಯದ್ದನ್ನು ತೋರಿಸುವ ಹೊರಗಿನ ಯಂತ್ರಭಾಗ: ಫ್ಲ್ಯಾಶ್, ಜಾವಾ ಇತ್ಯಾದಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಹಳೆಯ ಕನ್ನಡ ಪುಸ್ತಕ ಹುಡುಕಿದ ಹಿರಿಯ ಸಂಶೋಧಕರನ್ನು ಕೇಳಿ. ಪುಟಗಳೆಲ್ಲ ಟಿಫ್ ಚಿತ್ರಗಳು. ಅವನ್ನು ತೋರಿಸುವ ಪ್ಲಗಿನ್ ಇಲ್ಲದ ಬ್ರೌಸರಿನಲ್ಲಿ ಪುಸ್ತಕವೇ ಇಲ್ಲ. ಸಾರ್ವಜನಿಕ ಹಣದಲ್ಲಿ ಸ್ಕ್ಯಾನ್ ಆದ ಪುಸ್ತಕ ಒಂದು ಪ್ಲಗಿನ್ನಿನ ಆಚೆ ಕೂತಿತ್ತು. ಆ ಪುಸ್ತಕಗಳಲ್ಲಿ ಬಹಳಷ್ಟು ಆಮೇಲೆ ಇಂಟರ್ನೆಟ್ ಆರ್ಕೈವ್ ಸೇರಿ ಪಿಡಿಎಫ್ ಆದದ್ದರಿಂದ ನನ್ನ ವಯಸ್ಸಿನವರು ಆ ಕಷ್ಟ ಉಣ್ಣಲಿಲ್ಲ. ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಆ ಹಳೆಯ ಬಗೆಯ ಪ್ಲಗಿನ್ನುಗಳಿಗೆ ಬಾಗಿಲು ಹಾಕಿದವು. ಫ್ಲ್ಯಾಶ್ ಒಂದೇ 2020ರ ಕೊನೆಯವರೆಗೆ ಉಸಿರು ಹಿಡಿದಿತ್ತು. ಈಗ ನಾವು ಪ್ಲಗಿನ್ ಎನ್ನುವುದು ಎಕ್ಸ್‌ಟೆನ್ಷನ್‌ಗಳಿಗೆ, ಅಂದರೆ ಬ್ರೌಸರಿನ ನಡತೆಯನ್ನು ಓದುಗ ತನಗೆ ಬೇಕಾದಂತೆ ತಿದ್ದಿಕೊಳ್ಳುವ ಸಾಧನಗಳಿಗೆ. ತಿದ್ದುವ ಹಕ್ಕು ಯಾರದ್ದು ಎನ್ನುವುದೇ ಈಗಿನ ಜಗಳ.

ಒಪೆರಾ, ಎಡ್ಜ್, ಬ್ರೇವ್, ವಿವಾಲ್ಡಿ ಎಂದು ಹೆಸರು ಎಷ್ಟೇ ಇದ್ದರೂ ಒಳಗಿನ ಎಂಜಿನ್ನು ಗೂಗಲ್‌ನ ಕ್ರೋಮಿಯಂನದ್ದೇ. ಮೈಕ್ರೋಸಾಫ್ಟಿನಂಥ ಕಂಪನಿಯೇ 2020ರಲ್ಲಿ ಸ್ವಂತ ಎಂಜಿನ್ ಬಿಟ್ಟು ಅದಕ್ಕೆ ಶರಣಾಯಿತು. ಗೂಗಲ್‌ನ ಆದಾಯದ ಬಹುಪಾಲು ಜಾಹೀರಾತಿನದು. ಇಂಥ ಕಂಪನಿಯ ಬ್ರೌಸರಿನಲ್ಲಿ ಜಾಹೀರಾತು ತಡೆಯುವ ಸಾಧನಕ್ಕೆ ಏನಾಗಬಹುದೋ ಅದೇ ಆಯಿತು. ‘ಮ್ಯಾನಿಫೆಸ್ಟ್ ವಿ3’ ಎಂಬ ಹೊಸ ಕಟ್ಟಳೆ ಬಂತು. ಹಿಂದೆ ಎಕ್ಸ್‌ಟೆನ್ಷನ್ನು ಪುಟದಿಂದ ಹೊರಡುವ ಪ್ರತಿ ಕೋರಿಕೆಯನ್ನೂ ತಾನೇ ನೋಡಿ ತಡೆಯಬಹುದಿತ್ತು. ಈಗ ಅದು ಮೊದಲೇ ಒಂದು ನಿಯಮಗಳ ಪಟ್ಟಿ ಕೊಟ್ಟು ಕೈಕಟ್ಟಿ ನಿಲ್ಲಬೇಕು; ತಡೆಯುವುದು ಬ್ರೌಸರು, ಪಟ್ಟಿಯ ಉದ್ದಕ್ಕೂ ಮಿತಿ. ಜನ ನಂಬಿ ಬಳಸುತ್ತಿದ್ದ ಯುಬ್ಲಾಕ್ ಒರಿಜಿನ್ 2024-25ರಲ್ಲಿ ಕ್ರೋಮಿನಲ್ಲಿ ಕಣ್ಣುಮುಚ್ಚಿತು. ಅದರ ಕೃಶವಾದ ತಮ್ಮನೊಬ್ಬ ಈಗ ಅಲ್ಲಿದ್ದಾನೆ. ಫೈರ್‌ಫಾಕ್ಸು ಹಳೆಯ ದಾರಿಯನ್ನೂ ತೆರೆದಿಟ್ಟಿದೆ. ಮೊಬೈಲಿನಲ್ಲೂ ಅಷ್ಟೆ: ಆಂಡ್ರಾಯ್ಡ್ ಫೈರ್‌ಫಾಕ್ಸಿಗೆ ಎಕ್ಸ್‌ಟೆನ್ಷನ್ ಹಾಕಬಹುದು, ಆಂಡ್ರಾಯ್ಡ್ ಕ್ರೋಮಿಗೆ ಆಗದು.

ಮೊಜಿಲ್ಲಾ ಏನು ಸಂತರ ಮಠವೇ ಎಂದು ಕೇಳುವವರಿದ್ದಾರೆ. ಅಲ್ಲ. ಅದರ ಆದಾಯದ ದೊಡ್ಡ ಪಾಲು, ಗೂಗಲ್ಲನ್ನೇ ಮೊದಲ ಹುಡುಕುಯಂತ್ರವಾಗಿ ಇಟ್ಟುಕೊಂಡದ್ದಕ್ಕೆ ಗೂಗಲ್ ಕೊಡುವ ಹಣ. ವಿರೋಧಿಯ ಅನ್ನ ಉಂಡು ವಿರೋಧ ಮಾಡುವ ಈ ಸ್ಥಿತಿ ಫೆಲೋಶಿಪ್ಪಿನ ಮೇಲೆ ಬದುಕುವ ನಮ್ಮಂಥವರಿಗೆ ಹೊಸದೇನೂ ಅಲ್ಲ. ಜಾಹೀರಾತು ತಡೆದರೆ ಸಣ್ಣ ಪತ್ರಿಕೆಗಳ ಗತಿ ಏನು ಎಂಬುದು ಇದಕ್ಕಿಂತ ನ್ಯಾಯವಾದ ಪ್ರಶ್ನೆ. ನಾನು ಓದುವ ಕನ್ನಡ ತಾಣಗಳಲ್ಲಿ ನಾನೇ ಆ ತಡೆಯನ್ನು ತೆಗೆದಿದ್ದೇನೆ. ಅದೂ ನನ್ನ ಆಯ್ಕೆಯಾಗಬೇಕು ಎಂಬುದಷ್ಟೇ ವಾದ.

ಹಾಗೆಂದು ಕಂಡ ಪ್ಲಗಿನ್ನನ್ನೆಲ್ಲ ಹಾಕಿಕೊಳ್ಳುವುದು ಕಂಡವರಿಗೆಲ್ಲ ಮನೆ ಕೀಲಿ ಕೊಟ್ಟಂತೆ. ‘ಎಲ್ಲ ತಾಣಗಳಲ್ಲಿನ ನಿಮ್ಮ ಮಾಹಿತಿಯನ್ನು ಓದುವ, ಬದಲಿಸುವ ಅನುಮತಿ’ ಎಂದು ಬರುವ ಸಾಲನ್ನು ಓದದೆ ಒಪ್ಪುವವರು, ಷರತ್ತು ಓದದೆ ಸಹಿ ಹಾಕುವವರನ್ನು ಕಂಡು ನಗಬಾರದು. ಗ್ರೇಟ್ ಸಸ್ಪೆಂಡರ್ ಎಂಬ ಒಳ್ಳೆಯ ಎಕ್ಸ್‌ಟೆನ್ಷನ್ 2020ರಲ್ಲಿ ಕೈ ಬದಲಾಯಿಸಿತು. ಹೊಸ ಒಡೆಯರ ಕೈಯಲ್ಲಿ ಕೆಟ್ಟು, 2021ರ ಫೆಬ್ರವರಿಯಲ್ಲಿ ಗೂಗಲ್ಲೇ ಅದನ್ನು ಕಿತ್ತುಹಾಕಿತು. ಹೆಸರು ಅದೇ, ಚಿಹ್ನೆ ಅದೇ, ಒಳಗಿನವರು ಬೇರೆ. ನನ್ನ ಬ್ರೌಸರಿನಲ್ಲಿ ಮೂರೇ ಇವೆ: ಯುಬ್ಲಾಕ್, ಆಕರಗಳನ್ನು ಹಿಡಿದಿಡುವ ಜೊಟೆರೊ, ಮತ್ತೆ ಒಂದು ಕನ್ನಡ ಪದಪಟ್ಟಿ.

ಈ ಮೂರನೆಯದೇ ಈ ಲೇಖನಕ್ಕೆ ಕಾರಣ. ಕನ್ನಡ ಪದಪಟ್ಟಿ ಹಾಕಿ ಬ್ರೌಸರಿನಲ್ಲಿ ಬರೆಯಲು ಕೂತರೆ ಪುಟವೆಲ್ಲ ಕೆಂಪು ಗೆರೆ. ‘ಮನೆ’ ಸರಿ. ‘ಮನೆಯವರಿಗೂ’ ತಪ್ಪು. ತಪ್ಪಿಲ್ಲದ ಕನ್ನಡ ಬರೆದಷ್ಟೂ ಗೆರೆ ಹೆಚ್ಚು. ಗೆಳೆಯರು ಒಂದು ವಾರ ನೋಡಿ, ‘ಕಂಪ್ಯೂಟರಿಗೆ ಕನ್ನಡ ಬರಲ್ಲ’ ಎಂದು ಅದನ್ನು ಕಿತ್ತುಹಾಕುತ್ತಾರೆ.

ಕಂಪ್ಯೂಟರಿಗೆ ಬರುವುದಿಲ್ಲ ಎನ್ನುವುದು ಸುಳ್ಳು. ಫೈರ್‌ಫಾಕ್ಸು 2008ರ ತನ್ನ ಮೂರನೆಯ ಆವೃತ್ತಿಯಿಂದ ಕಾಗುಣಿತ ನೋಡಲು ಬಳಸುತ್ತಿರುವುದು ‘ಹನ್‌ಸ್ಪೆಲ್’. ಹಂಗೇರಿಯ ಲಾಸ್ಲೋ ನೇಮೆತ್ ಅದನ್ನು ಬೆಳೆಸಿದ್ದು ಹಂಗೇರಿಯನ್ ಭಾಷೆಗೆಂದು. ಹಂಗೇರಿಯನ್ನೂ ನಮ್ಮ ಕನ್ನಡದ ಹಾಗೆ ಪದದ ಬಾಲಕ್ಕೆ ಪ್ರತ್ಯಯಗಳನ್ನು ಪೋಣಿಸುತ್ತ ಹೋಗುವ ಭಾಷೆ. ಹಾಗಾಗಿ ಈ ಸಾಧನಕ್ಕೆ ಎರಡು ಕಡತ ಬೇಕು. ಒಂದರಲ್ಲಿ ಪದಗಳು, ಇನ್ನೊಂದರಲ್ಲಿ ಪ್ರತ್ಯಯ ಸೇರುವ ನಿಯಮಗಳು. ಎರಡೂ ಬರೀ ಪಠ್ಯದ ಕಡತಗಳು. ಪ್ರೋಗ್ರಾಮಿಂಗ್ ಎಂಬುದೇ ಇಲ್ಲ. ಪದ ಎಕಾರದಲ್ಲಿ ಮುಗಿದರೆ ಏನನ್ನೂ ಕಳೆಯದೆ ‘ಯಲ್ಲಿ’ ಸೇರಿಸು: ಮನೆಯಲ್ಲಿ. ಉಕಾರದಲ್ಲಿ ಮುಗಿದರೆ ಆ ಉಕಾರವನ್ನು ತೆಗೆದು ‘ಇನಲ್ಲಿ’ ಸೇರಿಸು: ಊರಿನಲ್ಲಿ. ಆಗಮ, ಲೋಪ ಎಂದು ಹೈಸ್ಕೂಲಿನಿಂದ ನೆಟ್ ಪರೀಕ್ಷೆಯವರೆಗೆ ಉರುಹೊಡೆದದ್ದು ಇದನ್ನೇ.

ಆದರೆ ‘ಗುರು’ ಬಂದಾಗ? ‘ಗುರಿನಲ್ಲಿ’ ಎಂದರೆ ನಗುತ್ತಾರೆ, ಗುರುವಿನಲ್ಲಿ ಆಗಬೇಕು. ಹಸು, ಮಗು, ಕರು, ಹುಳು ಹೀಗೆಯೇ ಉಕಾರ ಬಿಡುವುದಿಲ್ಲ. ಕಾಡು, ಊರು, ಹೆಸರು, ಬೆಳಕು ಬಿಡುತ್ತವೆ. ಹ್ರಸ್ವ ಸ್ವರದಿಂದ ಶುರುವಾಗುವ, ಒತ್ತಿಲ್ಲದ ಎರಡಕ್ಷರದ ಪದವಾದರೆ ಉಕಾರ ಉಳಿಯುತ್ತದೆ ಎಂದು ಒಂದು ಸೂತ್ರ ಕಟ್ಟಬಹುದು. ಅಷ್ಟರಲ್ಲಿ ‘ವಸ್ತು’ ಎದುರಾಗುತ್ತದೆ. ಮುತ್ತು–ಮುತ್ತಿನಲ್ಲಿ, ಆದರೆ ವಸ್ತು–ವಸ್ತುವಿನಲ್ಲಿ. ಕತ್ತು–ಕತ್ತಿನಲ್ಲಿ, ಜಂತು–ಜಂತುವಿನಲ್ಲಿ. ವಸ್ತು, ಜಂತು ಸಂಸ್ಕೃತದಿಂದ ಬಂದವು, ಅಲ್ಲಿನ ಉಕಾರ ಪದದ ಒಡಲಿಗೇ ಸೇರಿದ್ದು. ಮುತ್ತಿನ ಉಕಾರ ಉಚ್ಚಾರಣೆಗೆ ಆಸರೆ, ಪ್ರತ್ಯಯ ಬಂದೊಡನೆ ಜಾಗ ಬಿಡುತ್ತದೆ. ಬರಹದಲ್ಲಿ ಎರಡೂ ಒಂದೇ ಕೊಂಬು. ಯಾವುದು ಯಾವ ಗುಂಪು ಎಂದು ಯಂತ್ರಕ್ಕೆ ಯಾರಾದರೂ ಹೇಳಬೇಕು. ತತ್ಸಮ ಯಾವುದು, ದೇಶ್ಯ ಯಾವುದು ಎಂದು ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರು ಹೇಳಬೇಕೇ? ಕೇಶಿರಾಜನ ‘ಶಬ್ದಮಣಿದರ್ಪಣ’ ಯಾರ ಪಠ್ಯಕ್ರಮದಲ್ಲಿದೆ?

‘ಕಂಪ್ಯೂಟರಿನವರ ಕೆಲಸ’ ಎಂಬ ಮಾತು ನನಗೆ ಸಹಿಸದಿರುವುದು ಇಲ್ಲೇ. ಕಂಪ್ಯೂಟರಿನವರು ತಮ್ಮ ಪಾಲಿನ ಕೆಲಸ ಮುಗಿಸಿ ಬಹಳ ಕಾಲವಾಯಿತು. ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದ ಕನ್ನಡ ಇದೆ. ಒತ್ತಕ್ಷರಗಳನ್ನು ಜೋಡಿಸುವ ಹಾರ್ಫ್‌ಬಜ್ ಫೈರ್‌ಫಾಕ್ಸಿನಲ್ಲೂ ಇದೆ, ಕ್ರೋಮಿನಲ್ಲೂ ಇದೆ. ಡೆಬಿಯನ್ನಿನ ಭಂಡಾರದಲ್ಲಿ ಗುಬ್ಬಿ, ನವಿಲು ಎಂದು ಚೆಂದದ ಹೆಸರಿನ ಕನ್ನಡ ಫಾಂಟುಗಳಿವೆ. ಉಳಿದಿರುವುದು ವ್ಯಾಕರಣ. ಅದು ನಮ್ಮದು. ಮಾಡದಿರುವವರು ನಾವು.

ಇದಕ್ಕೆ ಬ್ರೌಸರಿನ ಆಯ್ಕೆಗೂ ಸಂಬಂಧ ಉಂಟು. ಕ್ರೋಮಿನಲ್ಲಿ ನಿಮ್ಮ ಪದಗಳನ್ನು ಒಂದೊಂದಾಗಿ ಸೇರಿಸಬಹುದು. ನೀವೇ ಬರೆದ ನಿಯಮಗಳ ಕಡತ ಹಾಕಲು ಬಿಡುವುದಿಲ್ಲ. ಫೈರ್‌ಫಾಕ್ಸಿನಲ್ಲಿ ಅದನ್ನು ಆಡ್-ಆನ್ ಮಾಡಿ, ಮೊಜಿಲ್ಲಾದ ಸಹಿ ಪಡೆದು ಎಲ್ಲರಿಗೂ ಹಂಚಬಹುದು. ಡೆಬಿಯನ್ನಿನಲ್ಲಂತೂ ಹನ್‌ಸ್ಪೆಲ್ ಫೋಲ್ಡರಿಗೆ ಆ ಎರಡು ಕಡತ ಹಾಕಿದರೆ ಬ್ರೌಸರೂ ಓದುತ್ತದೆ, ಲಿಬ್ರೆಆಫೀಸೂ ಓದುತ್ತದೆ. ಪ್ರಬಂಧ ಬರೆಯುವ ಕಡೆಯೂ ಅದೇ ವ್ಯಾಕರಣ, ಮೇಲ್ ಬರೆಯುವ ಕಡೆಯೂ ಅದೇ.

‘ಹೋಗಿಬಿಟ್ಟಿದ್ದಾನಲ್ಲವೇ’ ಎಂಬಂಥ ಸಂಧಿಯ ಸರಪಳಿಗಳನ್ನೆಲ್ಲ ಹನ್‌ಸ್ಪೆಲ್ ಬಿಡಿಸಲಾರದು, ನಿಜ. ನಾಮಪದಗಳ ವಿಭಕ್ತಿಗಳನ್ನಷ್ಟೇ ಕಟ್ಟಿದರೂ ಪುಟದ ಕೆಂಪು ಬಹಳ ಮಟ್ಟಿಗೆ ಇಳಿಯುತ್ತದೆ. ಸಮಯವಿಲ್ಲ ಎನ್ನುವವರಿಗೆ: ಒಂದು ಎಂ.ಎ. ತರಗತಿ, ಒಂದು ಸೆಮಿಸ್ಟರು, ತಲೆಗೆ ಇನ್ನೂರು ಪದ. ಯಾರೂ ಎರಡನೇ ಸಲ ತೆರೆಯದ ಅಸೈನ್‌ಮೆಂಟುಗಳನ್ನು ಬರೆಸುವುದಕ್ಕೆ ಸಮಯ ಸಿಗುತ್ತಿದೆಯಲ್ಲ. ಇದರಿಂದ ಅಂಕ ಬರುತ್ತದೆಯೇ ಎಂದು ಕೇಳಿದರೆ ಇಲ್ಲ. ಸಂಶೋಧನೆಯ ಅಂಕ ಎಣಿಸುವ ಪಟ್ಟಿಯಲ್ಲಿ ಇಂಥದ್ದಕ್ಕೆ ಕಲಮು ನಾನು ಕಂಡಿಲ್ಲ. ಆ ಪಟ್ಟಿಯ ವಿರುದ್ಧವೂ ಜಗಳವಾಡಬೇಕು, ಅದು ಬೇರೆಯ ಲೇಖನ.

ನಾನು ಉಕಾರಾಂತ ಪದಗಳನ್ನು ಎರಡು ಗುಂಪು ಮಾಡಲು ಹಿಡಿದಿದ್ದೇನೆ. ತತ್ಸಮಗಳು ಬೇಗ ಸಾಗುತ್ತಿವೆ. ತೊಡಕು ಇಂಗ್ಲಿಷಿನಿಂದ ಬಂದವುಗಳದ್ದು. ಬಸ್ಸು ಬಸ್ಸಿನಲ್ಲಿ ಆಗುತ್ತದೆ, ಮೆನು ಮೆನುವಿನಲ್ಲಿ ಆಗುತ್ತದೆ. ‘ಬ್ರೌಸರಿನಲ್ಲಿ’ ಎಂದು ನಾನು ಬರೆಯುತ್ತೇನೆ. ಪತ್ರಿಕೆಗಳು ‘ಬ್ರೌಸರ್‌ನಲ್ಲಿ’ ಎಂದು ಬರೆಯುತ್ತವೆ. ಪತ್ರಿಕೆಯ ರೂಪದಲ್ಲಿ ರಕಾರಕ್ಕೂ ನಕಾರಕ್ಕೂ ನಡುವೆ ಒತ್ತು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಅಕ್ಷರವೂ ಇರುತ್ತದೆ. ಅದನ್ನು ಒತ್ತಲು ಮರೆತವರದ್ದು ಅರ್ಕಾವೊತ್ತಿನ ‘ಬ್ರೌಸರ್ನಲ್ಲಿ’. ಪದಪಟ್ಟಿ ಇವುಗಳಲ್ಲಿ ಎಷ್ಟನ್ನು ಸರಿ ಎನ್ನಬೇಕು? ನನ್ನ ಕಡತದಲ್ಲಿ ಸದ್ಯಕ್ಕೆ ಮೊದಲೆರಡು ಸರಿ, ಮೂರನೆಯದಕ್ಕೆ ಕೆಂಪು ಗೆರೆ. ಒಪ್ಪದವರು ಕಡತ ತೆರೆದು ತಿದ್ದಬಹುದು.