ಪೆಟ್ರೋಲ್ ದರದ ಪಂಚಾಂಗ

ಚೆನ್ನೈಯಿಂದ ಕಾರಿನಲ್ಲಿ ಬೆಂಗಳೂರಿಗೆ ಹೊರಡುವ ಕನ್ನಡಿಗರಾದ ನಾವು ತಪ್ಪದೆ ಹಾಕುವ ಲೆಕ್ಕವೊಂದುಂಟು: ಪೆಟ್ರೋಲನ್ನು ಹೊಸೂರಿನಲ್ಲಿಯೇ ತುಂಬಿಸುವುದೋ, ಗಡಿ ದಾಟಿ ಅತ್ತಿಬೆಲೆಯಲ್ಲೋ? 2022ರ ಮೇ ತಿಂಗಳ ಕೊನೆಯಿಂದ ಬೆಂಗಳೂರು ಅಗ್ಗವಾಗಿತ್ತು. ಅಲ್ಲಿ ಲೀಟರಿಗೆ 101.94 ರೂಪಾಯಿ, ಚೆನ್ನೈಯಲ್ಲಿ 102.63. ಕರ್ನಾಟಕ ಸರ್ಕಾರವು 2024ರ ಜೂನ್ 15ರಂದು ಮಾರಾಟ ತೆರಿಗೆಯನ್ನು ಶೇಕಡ 25.92ರಿಂದ 29.84ಕ್ಕೆ ಏರಿಸಿದಾಗ ಬೆಂಗಳೂರಿನ ದರ 102.86 ಆಯಿತು, ಚೆನ್ನೈಯೇ ಅಗ್ಗವಾಯಿತು. ಯಾವ ಸರ್ಕಾರ ಮೇಲು ಎಂಬ ಚರ್ಚೆಯಲ್ಲಿ ನಮ್ಮ ಸಂಜೆಗಳು ಕಳೆಯುತ್ತವೆ. ಈ ಚರ್ಚೆಯೇ ದಾರಿ ತಪ್ಪಿದ್ದೆಂಬುದು ನಮ್ಮ ವಾದ. ಕೇಳಬೇಕಾದ ಪ್ರಶ್ನೆ ದರ ಎಲ್ಲಿ ಕಡಿಮೆ ಎಂಬುದಲ್ಲ. ದರವನ್ನು ನಿಜವಾಗಿ ನಿರ್ಧರಿಸುವವರು ಯಾರು ಎಂಬುದು.

ಕಾಗದದ ಮೇಲಿನ ಉತ್ತರ ಸುಲಭ. 2010ರ ಜೂನ್‌ನಲ್ಲಿ ಪೆಟ್ರೋಲ್ ಸರ್ಕಾರದ ನಿಯಂತ್ರಣದಿಂದ ಹೊರಬಂದಿತು. 2017ರ ಜೂನ್ 16ರಿಂದ ದೇಶದಾದ್ಯಂತ ಪ್ರತಿದಿನ ಬೆಳಗ್ಗೆ ಆರಕ್ಕೆ ದರ ಪರಿಷ್ಕರಣೆ ಜಾರಿಗೆ ಬಂದಿತು. ಅಂತರರಾಷ್ಟ್ರೀಯ ಮಾರುಕಟ್ಟೆ ಏರಿದರೆ ಏರಿಕೆ, ಇಳಿದರೆ ಇಳಿಕೆ. ಇದು ಸವಾರರಿಗೆ ಕೊಟ್ಟ ಮಾತು.

ನಡೆದದ್ದು ಬೇರೆ. 2018ರ ಮೇ 12ರಂದು ಕರ್ನಾಟಕ ವಿಧಾನಸಭೆಗೆ ಮತದಾನವಿತ್ತು. ಅದಕ್ಕೆ ಮುನ್ನ ಏಪ್ರಿಲ್ 24ರಿಂದ 19 ದಿನ ದರ ಕದಲಲಿಲ್ಲ. ಮತದಾನ ಮುಗಿದು, ಮೇ 14ರಿಂದ 16 ದಿನ ಸತತವಾಗಿ ಏರಿತು. ಮೇ 30ರಂದು ಕೊನೆಗೂ ಇಳಿಯಿತು, ಒಂದು ಪೈಸೆ! ಉತ್ತರ ಪ್ರದೇಶವೇ ಮೊದಲಾದ ಐದು ರಾಜ್ಯಗಳ ಚುನಾವಣೆಯ ಕಾಲದಲ್ಲಿ, 2021ರ ನವೆಂಬರ್‌ನಿಂದ 2022ರ ಮಾರ್ಚ್ 21ರ ತನಕ, ಮತ್ತೆ ಅದೇ ಮೌನ. ಆ ಮೇ ತಿಂಗಳ ಸುಂಕ ಕಡಿತದ ಬಳಿಕ ಕಂಪನಿಗಳು ಸುಮಾರು 22 ತಿಂಗಳು ದರ ಬದಲಿಸಲಿಲ್ಲ; ಎರಡು ರೂಪಾಯಿ ಇಳಿಸಿದ್ದು 2024ರ ಮಾರ್ಚ್ 15ರಂದು, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ. ಇದು ಮಾರುಕಟ್ಟೆಯ ಗಡಿಯಾರವಲ್ಲ, ಚುನಾವಣೆಯ ಪಂಚಾಂಗ.

ಕಂಪನಿಗಳ ಪರವಾಗಿ ಹೇಳುವವರ ಮಾತಿನಲ್ಲೂ ಸತ್ಯವಿದೆ. 2022ರಲ್ಲಿ ಕಚ್ಚಾ ತೈಲ ನೂರು ಡಾಲರ್ ದಾಟಿದಾಗ ಅವು ನಷ್ಟ ಹೊತ್ತು ನಮ್ಮನ್ನು ಕಾದವು ನಿಜ. ಆದರೆ 2023-24ರಲ್ಲಿ ಮೂರು ಸರ್ಕಾರಿ ಕಂಪನಿಗಳ ಒಟ್ಟು ಲಾಭ 80,000 ಕೋಟಿ ರೂಪಾಯಿ ಮೀರಿತು. ಏರಿಳಿತವನ್ನು ತಡೆಯಲು ನಿಧಿ ಬೇಕೆಂದರೆ ಇರಲಿ. ಅದರ ನಿಯಮವನ್ನು ಬರೆದು ಪ್ರಕಟಿಸಲು ಅಡ್ಡಿಯೇನು?

ತೆರಿಗೆಯ ಕಥೆ ಇನ್ನೂ ಮಬ್ಬು. 2020ರಲ್ಲಿ ಜಗತ್ತಿನ ತೈಲ ಬೆಲೆ ಕುಸಿದಾಗ ಕೇಂದ್ರವು ಮಾರ್ಚ್‌ನಲ್ಲಿ ಮೂರು, ಮೇನಲ್ಲಿ ಹತ್ತು ರೂಪಾಯಿ ಸುಂಕ ಹೆಚ್ಚಿಸಿತು. ಇಳಿಕೆಯ ಫಲ ಬೊಕ್ಕಸ ಸೇರಿತು. 2024ರಲ್ಲಿ ಲೀಟರಿಗೆ 19.90 ರೂಪಾಯಿ ಇದ್ದ ಕೇಂದ್ರ ಸುಂಕದಲ್ಲಿ ರಾಜ್ಯಗಳೊಡನೆ ಹಂಚಿಕೆಯಾಗುವ ಮೂಲ ಸುಂಕ 1.40 ಮಾತ್ರ, ಉಳಿದದ್ದು ಸೆಸ್ ಮತ್ತು ವಿಶೇಷ ಸುಂಕ. ಇದನ್ನು ತೋರಿಸಿ ರಾಜ್ಯಗಳು ಕೈ ತೊಳೆದುಕೊಳ್ಳುತ್ತವೆ. ಆದರೆ ಅವುಗಳ ತೆರಿಗೆ ಬೀಳುವುದು ಕೇಂದ್ರದ ಸುಂಕ ಸೇರಿದ ಬೆಲೆಯ ಮೇಲೆ, ಅಂದರೆ ತೆರಿಗೆಯ ಮೇಲೂ ತೆರಿಗೆ. ತಮಿಳುನಾಡಿನಲ್ಲಿ 2021ರಲ್ಲಿ ಅಧಿಕಾರಕ್ಕೆ ಬಂದ ಪಕ್ಷ ಆ ವರ್ಷದ ಪ್ರಣಾಳಿಕೆಯಲ್ಲಿ ಐದು ರೂಪಾಯಿ ಇಳಿಸುವುದಾಗಿ ಹೇಳಿ, ಆ ಆಗಸ್ಟ್‌ನಲ್ಲಿ ಇಳಿಸಿದ್ದು ಮೂರು. ಸರಕು ಮತ್ತು ಸೇವಾ ತೆರಿಗೆಯೊಳಗೆ ಪೆಟ್ರೋಲ್ ಬರಬೇಕಾದ ದಿನವನ್ನು ಶಿಫಾರಸು ಮಾಡುವ ಹೊಣೆ ಸಂವಿಧಾನದ 279ಎ ವಿಧಿಯಂತೆ ಪರಿಷತ್ತಿನದು. ಅಲ್ಲಿ ಎರಡೂ ಪಕ್ಷಗಳು ಜೊತೆಯಾಗಿ ಕುಳಿತುಕೊಳ್ಳುತ್ತವೆ. ಜೊತೆಯಾಗಿಯೇ ಮೌನ ವಹಿಸುತ್ತವೆ.

ಇದರ ಹೊರೆ ಹೊರುವವರು ಯಾರು? ಚೆನ್ನೈಯ ಆಟೋ ಮೀಟರ್ ದರ 2013ರ ಆಗಸ್ಟ್‌ನಲ್ಲಿ ನಿಗದಿಯಾದುದು: ಮೊದಲ 1.8 ಕಿಲೋಮೀಟರಿಗೆ 25 ರೂಪಾಯಿ. ಮುಂದಿನ ಹತ್ತು ವರ್ಷ ಸರ್ಕಾರ ಅದನ್ನು ಮುಟ್ಟಲಿಲ್ಲ. ಇಂಧನಕ್ಕೆ ಮಾರುಕಟ್ಟೆಯ ನ್ಯಾಯ, ದುಡಿಮೆಗೆ ಸರ್ಕಾರದ ಬೀಗ! ಚಾಲಕ ಮೀಟರ್ ಹಾಕದಿದ್ದಾಗ ಅವನೊಬ್ಬನನ್ನೇ ಬೈಯುವ ನಾವು ಇದನ್ನೂ ಎಣಿಸಬೇಕು.

ಅಗ್ಗದ ಪೆಟ್ರೋಲನ್ನು ನಾವು ಬೇಡುತ್ತಿಲ್ಲ. ರಸ್ತೆಗೆ, ಶಾಲೆಗೆ ತೆರಿಗೆ ಬೇಕು, ಕೊಡುತ್ತೇವೆ. ಕೇಳುವುದು ಎರಡೇ. ದರ ಯಾವ ಸೂತ್ರದಿಂದ ಏರುತ್ತದೋ ಅದೇ ಸೂತ್ರದಿಂದ ಇಳಿಯಲಿ, ಆ ಸೂತ್ರ ಚುನಾವಣೆಯ ತಿಂಗಳಿನಲ್ಲೂ ಎಚ್ಚರವಾಗಿರಲಿ. ಬಂಕಿನಲ್ಲಿ ಕೊಡುವ ರಶೀದಿಯಲ್ಲಿ ತೈಲದ ಬೆಲೆ, ಕೇಂದ್ರದ ಪಾಲು, ರಾಜ್ಯದ ಪಾಲು, ಬಂಕಿನವರ ಕಮಿಷನ್ ಬೇರೆಬೇರೆಯಾಗಿ ಅಚ್ಚಾಗಲಿ. ಹೋಟೆಲಿನ ಕಾಫಿಯ ಬಿಲ್ಲಿನಲ್ಲಿ ಕಾಣುವ ತೆರಿಗೆ ಪೆಟ್ರೋಲಿನ ಬಿಲ್ಲಿನಲ್ಲಿ ಏಕೆ ಅಡಗಿರಬೇಕು? ಆ ನಾಲ್ಕು ಸಾಲುಗಳು ಕೈಗೆ ಬಂದ ದಿನ, ಹೊಸೂರೋ ಅತ್ತಿಬೆಲೆಯೋ ಎಂಬ ಜಗಳ ಬಿಟ್ಟು ಯಾರನ್ನು ಪ್ರಶ್ನಿಸಬೇಕೆಂಬುದು ಗಡಿಯ ಎರಡೂ ಬದಿಯವರಿಗೆ ತಿಳಿಯುತ್ತದೆ.