ಊರಿನಿಂದ ಬಂದ ಜ್ವರ

ರಜೆ ಮುಗಿಸಿ ಊರಿನಿಂದ ಮರಳುವಾಗ ನಾವು ಪುಣೆಗೆ ಹೊತ್ತು ತರುವುದು ಅಷ್ಟಿಷ್ಟಲ್ಲ. ಹಪ್ಪಳ, ಸಂಡಿಗೆ, ಖಾರದಪುಡಿ, ಡಬ್ಬಿ ತುಂಬ ತುಪ್ಪ. ಎರಡು ವರ್ಷದ ಹಿಂದೆ ನನ್ನ ಭಾವಮೈದುನ ಇವುಗಳ ಸಂಗಡ ಒಂದು ಜ್ವರವನ್ನೂ ತಂದನು.

ಸಂಜೆಗೆ ಜ್ವರ, ರಾತ್ರಿ ಅಂಗಿ ಹಿಂಡುವಷ್ಟು ಬೆವರು, ಬೆಳಿಗ್ಗೆ ಏನೂ ಆಗದವನಂತೆ ಚಹಾ! ಕೆಲವು ದಿನ ಬಿಟ್ಟು ಮತ್ತೆ ಅದೇ ಕಥೆ. ಸೊಂಟ ನೋವೆಂದು ನರಳಿದರೆ ನನ್ನ ಮಡದಿಯ ಹೊರತು ಯಾರೂ ನಂಬಲಿಲ್ಲ. ಕೆಲಸಗಳ್ಳತನವೆಂದು ನಾನೇ ಒಮ್ಮೆ ಅಂದುಬಿಟ್ಟೆ. ಒಬ್ಬ ವೈದ್ಯರು ವಿಷಮಜ್ವರವೆಂದರು, ಇನ್ನೊಬ್ಬರು ಕ್ಷಯವಿರಬಹುದೆಂದರು. ಮೂರನೆಯವರು ಮಾತ್ರ ಊರಲ್ಲಿ ದನಕರು ಇವೆಯೇ ಎಂದು ಕೇಳಿದರು.

ಇದ್ದವು. ಎಮ್ಮೆಯೊಂದು ಕಂದು ಹಾಕಿತ್ತು. ಕಸ ಬೀಳಲಿಲ್ಲವೆಂದು ಇವನೇ ಬರಿಗೈಯಿಂದ ಎಳೆದು ತೆಗೆದಿದ್ದನು. ಮೇಲೆ ದಿನವೂ ಒಂದು ಲೋಟ ಹಸುವಿನ ನೊರೆಹಾಲು. ರಕ್ತಪರೀಕ್ಷೆ ಮಾಡಿಸಲಾಗಿ ಬ್ರುಸೆಲ್ಲೋಸಿಸ್ ಎಂದು ತಿಳಿಯಿತು.

ಈ ಹೆಸರು ಡೇವಿಡ್ ಬ್ರೂಸ್ ಎಂಬ ಸೈನ್ಯದ ವೈದ್ಯನಿಂದ ಬಂದದ್ದು. ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಬ್ರಿಟಿಷ್ ಸಿಪಾಯಿಗಳ ಗುಲ್ಮದಲ್ಲಿ ಈ ರೋಗಾಣುವನ್ನು ಕಂಡ ಸಂಗತಿಯನ್ನು ಅವನು 1887ರಲ್ಲಿ ಪ್ರಕಟಿಸಿದನು. ಅದು ಬರುವುದೆಲ್ಲಿಂದ? ಹದಿನೆಂಟು ವರ್ಷ ಗೊತ್ತಾಗಲಿಲ್ಲ. 1905ರಲ್ಲಿ ಆ ದ್ವೀಪದವನೇ ಆದ ತೆಮಿಸ್ಟೋಕ್ಲಿಸ್ ಜಮ್ಮಿತ್ ಆಡುಗಳ ರಕ್ತವನ್ನು ಪರೀಕ್ಷಿಸಿದನು. ಮನೆಬಾಗಿಲಿಗೇ ಬಂದು ನಿಂತು ಹಾಲು ಕರೆಸಿಕೊಳ್ಳುತ್ತಿದ್ದ, ನೋಡಲು ಗಟ್ಟಿಮುಟ್ಟಾದ ಆಡುಗಳಲ್ಲೇ ರೋಗವಿತ್ತು! 1906ರಲ್ಲಿ ಸಿಪಾಯಿಗಳಿಗೆ ಆಡಿನ ಹಾಲು ನಿಂತಿತು. ದಂಡಿನಲ್ಲಿ ಜ್ವರವೂ ಇಳಿಯಿತು. ಊರಿನವರು ಕುಡಿಯುತ್ತಲೇ ಇದ್ದರು, ನರಳುತ್ತಲೂ ಇದ್ದರು.

ಹಸುಗಳು ಕಂದು ಹಾಕುವುದಕ್ಕೆ ಕಾರಣವಾದ ರೋಗಾಣುವೂ ಇದರ ದಾಯಾದಿಯೇ ಎಂದು ಅಮೆರಿಕದ ಆಲಿಸ್ ಇವಾನ್ಸ್ 1918ರಲ್ಲಿ ತೋರಿಸಿಕೊಟ್ಟರು. ಹೆಂಗಸಿನ ಮಾತೆಂದೋ ಏನೋ, ಪಂಡಿತರು ಬಹುಕಾಲ ಒಪ್ಪಲಿಲ್ಲ. 1922ರಲ್ಲಿ ಆಕೆಗೇ ರೋಗ ತಗಲಿ ವರ್ಷಗಟ್ಟಲೆ ಕಾಡಿದಾಗ, ವೈದ್ಯರು ಅದನ್ನು ನರಗಳ ದೌರ್ಬಲ್ಯವೆಂದರಂತೆ. ಇದನ್ನು ಓದಿದ ದಿನ ನಾನು ಭಾವಮೈದುನನ ಕ್ಷಮೆ ಕೇಳಿದೆ.

ಅವನಿಗೆ ಎರಡು ಬಗೆಯ ಔಷಧವನ್ನು ಆರು ವಾರ ತಪ್ಪದೆ ಕೊಟ್ಟರು. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಿದರೆ ಮರುಕಳಿಸಬಹುದೆಂದು ಎಚ್ಚರಿಸಿದ್ದರು.

ವಾಚಕರಲ್ಲಿ ಅನೇಕರು ಊರಿನ ಕೊಟ್ಟಿಗೆಯನ್ನು ಬಲ್ಲವರು. ಹಾಲು ಉಕ್ಕಿಬರುವಂತೆ ಕಾಯಿಸಿದರೆ ಈ ರೋಗಾಣು ಉಳಿಯದು. ಚೆನ್ನಾಗಿ ಬೇಯಿಸಿದ ಗಿಣ್ಣಕ್ಕೂ ಅಂಜಬೇಕಾಗಿಲ್ಲ. ಕಂದು ಹಾಕಿದ ದನದ ಕಸವನ್ನು ಬರಿಗೈಯಿಂದ ಮುಟ್ಟದೆ ಪಶುವೈದ್ಯರನ್ನು ಕರೆಸಿರಿ. ಹೆಣ್ಣುಕರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಒಮ್ಮೆ ಹಾಕಿಸುವ ಲಸಿಕೆಯೂ ಇದೆ.

ಕಳೆದ ತಿಂಗಳು ಮಾವನವರು ಎರಡು ಕರುಗಳಿಗೆ ಲಸಿಕೆ ಹಾಕಿಸಿದ್ದಾಗಿ ಫೋನಿನಲ್ಲಿ ತಿಳಿಸಿದರು. ನೊರೆಹಾಲು ಬಿಡುವುದಕ್ಕೆ ಮಾತ್ರ ಇನ್ನೂ ಒಪ್ಪಿಲ್ಲ.